ಹಿಮ ಕರಗಿದ ಮೇಲೆ ನಮ್ಮ ಸುಗ್ಗಿ

ಸ್ಕೀ ಗುಡ್ಡದಲ್ಲಿ ಇಂಜಿನಿಯರ್ ಆಗಿದ್ದೆ ಎಂದರೆ ನಮ್ಮವರು ಕೇಳುವ ಮೊದಲ ಪ್ರಶ್ನೆ, "ಹಾಗಾದ್ರೆ ಬೇಸಿಗೇಲಿ ಏನ್ಮಾಡ್ತಿದ್ರಿ? ಆರಾಮಾಗಿ ಮನೇಲಿರ್ತಿದ್ರಾ?" ನನಗೆ ನಗು ಬರುತ್ತಿತ್ತು. ಚಳಿಗಾಲದಲ್ಲಿ ಬೇಕಾದರೆ ಒಂದೆರಡು ದಿನ ಮನೆಯಲ್ಲಿರಬಹುದಿತ್ತು, ಬೇಸಿಗೆಯಲ್ಲಿ ಮಾತ್ರ ಸಾಧ್ಯವೇ ಇರಲಿಲ್ಲ. ಮಾರ್ಚ್ ಕೊನೆಗೆ ಹಿಮ ಕರಗಿ ಗುಡ್ಡವೆಲ್ಲ ಕೆಸರಾಯಿತೋ, ನಮ್ಮ ಸುಗ್ಗಿ ಶುರುವಾಯಿತೆಂದೇ ಲೆಕ್ಕ. ಜನರನ್ನು ಕುರ್ಚಿಯಲ್ಲಿ ಕೂರಿಸಿ ಗುಡ್ಡದ ಮೇಲಕ್ಕೆ ಒಯ್ಯುವ ಹಳೆ ಲಿಫ್ಟ್ ಬಿಚ್ಚುವುದು, ಹೊಸದು ನಿಲ್ಲಿಸುವುದು, ಪೈಪು ಹೂಳುವುದು, ಕೊಳ ದೊಡ್ಡದು ಮಾಡುವುದು, ಇಳಿಜಾರು ಅಗಲಿಸುವುದು. ಜನ ಬಂದು ಜಾರಿ ಹೋಗುವ ಮೂರು ತಿಂಗಳಿಗಾಗಿ ವರ್ಷದ ಉಳಿದ ತಿಂಗಳೆಲ್ಲ ದುಡಿಯುವ ಕಸುಬು ಅದು.

ಇದನ್ನು ಬರೆಯುವಂತೆ ಮಾಡಿದವಳು ಅನನ್ಯ. ಶಿಕಾಗೋ ಹತ್ತಿರದ ವೆಸ್ಟ್‌ಮಂಟ್‌ನ ನಮ್ಮ ಪರಿಚಯದವರ ಮಗಳು, ಇಲ್ಲೇ ಹುಟ್ಟಿ ಬೆಳೆದವಳು. ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿದ್ದಾಳೆ, ಮಿಶಿಗನ್‌ನ ಒಂದು ಸ್ಕೀ ಗುಡ್ಡದಲ್ಲಿ ಕೆಲಸ ಸಿಕ್ಕಿದೆ. ಲೆಮಾಂಟ್ ದೇವಸ್ಥಾನದಲ್ಲಿ ಊಟಕ್ಕೆ ಕೂತಿದ್ದಾಗ ಅವಳ ತಾಯಿ ನನ್ನ ಪಕ್ಕಕ್ಕೆ ಬಂದು ಕೂತರು. "ವಸುಧಾ ಅವ್ರೇ, ನೀವಾದ್ರೂ ಸ್ವಲ್ಪ ಹೇಳಿ. ಕಾರ್ ಕಂಪನೀಲಿ ಆಫರ್ ಇದೆ. ಅದನ್ನ ಬಿಟ್ಟು ಯಾರಾದ್ರೂ ಗುಡ್ಡಕ್ಕೆ ಹೋಗ್ತಾರಾ?" ಅನನ್ಯ ಮೊಸರನ್ನ ಕಲಸುತ್ತಾ, "ಆಂಟಿ, ಈಸ್ ಇಟ್ ಬೋರಿಂಗ್?" ಎಂದಳು. ಊಟ ಮುಗಿಯುವಷ್ಟರಲ್ಲಿ ಹೇಳಿ ಮುಗಿಯುವ ಮಾತಲ್ಲ ಎಂದೆ. ಅವಳಿಗೆ ಕನ್ನಡ ಓದಲು ಬಾರದು, ಅಮ್ಮ ಓದಿ ಹೇಳಲಿ. ಹಾಗಾದರೂ ಇಬ್ಬರ ಕಿವಿಗೂ ಬೀಳುತ್ತದೆ.

ನಾನೂ ಕಾರಿನ ಕಡೆಯಿಂದಲೇ ಗುಡ್ಡಕ್ಕೆ ಬಂದವಳು. ಡೆಟ್ರಾಯಿಟ್‌ನ ಹೊರವಲಯದಲ್ಲಿ ಕಾರಿನ ಬಿಡಿಭಾಗ ಮಾಡುವ ಒಂದು ಪ್ಲಾಂಟ್. ಅಲ್ಲಿನ ಪಂಪುಗಳು, ಪೈಪುಗಳು ನನ್ನ ಸುಪರ್ದಿಯಲ್ಲಿದ್ದವು. ಒಂದು ದಿನ ಪ್ಲಾಂಟ್ ಮುಚ್ಚಿತು. ಮಗಳು ಆಗ ಶಾಲೆಯಲ್ಲಿದ್ದಳು, ಊರು ಬಿಡುವ ಮನಸ್ಸಿರಲಿಲ್ಲ. ಹತ್ತಿರದ ಸ್ಕೀ ಗುಡ್ಡವೊಂದಕ್ಕೆ ಪಂಪು ಗೊತ್ತಿರುವ ಇಂಜಿನಿಯರ್ ಬೇಕು ಎಂಬ ಜಾಹೀರಾತು ನೋಡಿ ಹೋದೆ. ಗುಡ್ಡಕ್ಕೂ ಪಂಪಿಗೂ ಏನು ಸಂಬಂಧ ಎಂಬುದೂ ನನಗೆ ಆಗ ಗೊತ್ತಿರಲಿಲ್ಲ.

ಗುಡ್ಡದ ಮ್ಯಾನೇಜರ್ ವಾಲ್ಟ್, ಅರವತ್ತು ದಾಟಿದವರು. ಬೂಟಿಗೆ ಮೆತ್ತಿದ್ದ ಕೆಸರನ್ನು ಆಫೀಸಿನ ಮೆಟ್ಟಿಲಿಗೆ ಉಜ್ಜುತ್ತಲೇ ಇಂಟರ್‌ವ್ಯೂ ಮಾಡಿದರು. ಅವರ ಇಂಗ್ಲಿಷನ್ನು ನನ್ನ ಮೈಸೂರು ಕನ್ನಡದಲ್ಲೇ ಹೇಳುತ್ತೇನೆ.

"ಸ್ಕೀ ಮಾಡೋಕೆ ಬರುತ್ತಾ?"

"ಇಲ್ಲ."

"ಒಳ್ಳೇದಾಯ್ತು. ಸ್ಕೀ ಬರೋರನ್ನ ತಗೊಂಡ್ರೆ ಒಳ್ಳೆ ಹಿಮ ಬಿದ್ದ ದಿನ ಕೆಲಸಕ್ಕೇ ಸಿಗಲ್ಲ."

ಅಷ್ಟಕ್ಕೆ ಕೆಲಸ ಸಿಕ್ಕಿತು. ಹೊರಗೆ ಬಂದು ಗುಡ್ಡದ ಕಡೆ ನೋಡಿದೆ. ಚಾಮುಂಡಿ ಬೆಟ್ಟ ನೋಡಿಕೊಂಡು ಬೆಳೆದವಳಿಗೆ ಅದನ್ನು ಗುಡ್ಡ ಎನ್ನಲೂ ನಾಲಿಗೆ ಏಳಲಿಲ್ಲ. ನಂದಿಯವರೆಗೂ ಇಲ್ಲ, ಮೊದಲ ಮೆಟ್ಟಿಲುಗಳಲ್ಲೇ ಮುಗಿದುಹೋಗುತ್ತಿತ್ತು. ಆದರೆ ಸುತ್ತ ಹಲಗೆಯಂತೆ ಚಪ್ಪಟೆಯಾದ ಸೀಮೆಯಲ್ಲಿ ಆ ಒಂದು ದಿಬ್ಬಕ್ಕಾಗಿ ಮಕ್ಕಳು ಮೈಲಿಗಟ್ಟಲೆ ದೂರದಿಂದ ಬರುತ್ತಿದ್ದರು. ಇಲ್ಲಿ ಕಲಿತವರು ಮುಂದೆ ದೊಡ್ಡ ಪರ್ವತಗಳಿಗೆ ಹೋಗುತ್ತಿದ್ದರು.

ಮೊದಲ ಬೇಸಿಗೆಯಲ್ಲಿ ಮಾಡಿದ ಕೆಲಸ ಕುರ್ಚಿ ಇಳಿಸುವುದು. ಲಿಫ್ಟ್‌ನ ಕುರ್ಚಿಗಳನ್ನೆಲ್ಲ ಉಕ್ಕಿನ ಹಗ್ಗದಿಂದ ಬಿಡಿಸಿ ತಂದು ಪಾರ್ಕಿಂಗ್ ಲಾಟ್‌ನಲ್ಲಿ ಮದುವೆ ಮನೆಯ ಪಂಕ್ತಿಯ ಹಾಗೆ ಸಾಲಾಗಿ ಇಟ್ಟೆವು. ಹಗ್ಗವನ್ನು ಕಚ್ಚಿ ಹಿಡಿಯುವ ಉಕ್ಕಿನ ಹಿಡಿಗಳನ್ನು ಬೇರೆ ಮಾಡಿ, ಬಣ್ಣ ಕೆರೆದು, ಕಣ್ಣಿಗೆ ಕಾಣದ ಬಿರುಕಿದೆಯೇ ಎಂದು ಪರೀಕ್ಷೆಗೆ ಕೊಟ್ಟೆವು. ವಾಲ್ಟ್ ಪ್ರತಿ ಕುರ್ಚಿಯ ಮೇಲೂ ಒಮ್ಮೆ ಕೂತು ಏಳುತ್ತಿದ್ದರು. ಏಕೆ ಎಂದು ಕೇಳಿದೆ. "ಜನವರೀಲಿ ಇದರ ಮೇಲೆ ಯಾರದೋ ಮಗು ಕೂತಿರುತ್ತೆ. ಮೊದಲು ನಾನು ಕೂತ್ಕೋಬೇಕು, ಅಷ್ಟೆ," ಎಂದರು. ಅದರಲ್ಲಿ ಶಾಸ್ತ್ರವೇನೂ ಇರಲಿಲ್ಲ. ಆದರೆ ನಾನೂ ಮುಂದೆ ಎಲ್ಲಿ ಕೆಲಸ ಮಾಡಿದರೂ ಪ್ರತಿ ಕುರ್ಚಿಯ ಮೇಲೂ ಕೂತೇ ಎದ್ದೆ.

ಕೆಲವು ವರ್ಷದ ಮೇಲೆ ಆ ಗುಡ್ಡದ ಹಳೆ ಲಿಫ್ಟ್ ತೆಗೆದು ಹೊಸದು ಹಾಕಿದೆವು. ನನಗೆ ಅತ್ಯಂತ ಇಷ್ಟವಾದ ಬೇಸಿಗೆ ಅದು. ಲಿಫ್ಟ್‌ನ ಹಗ್ಗ ಬಳೆಯ ಹಾಗೆ, ಅದಕ್ಕೆ ತುದಿ ಇರಬಾರದು. ಎರಡು ತುದಿಗಳನ್ನು ಗಂಟಿಲ್ಲದೆ ಹೆಣೆಯಬೇಕು. ಅದಕ್ಕೆಂದೇ ಪಶ್ಚಿಮದ ಪರ್ವತಗಳ ಕಡೆಯಿಂದ ಒಬ್ಬ ಹೆಣೆಯುವವನು ತಂಡ ಕಟ್ಟಿಕೊಂಡು ಬಂದ. ಉಕ್ಕಿನ ಎಳೆಗಳನ್ನು ಬಿಡಿಸಿ, ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸುತ್ತಾ ಹುಲ್ಲಿನ ಮೇಲೆ ಉದ್ದಕ್ಕೂ ನಡೆದ. ಮಗಳಿಗೆ ಜಡೆ ಹೆಣೆಯುವಾಗ ಕೂದಲು ಬಿಗಿ ತಪ್ಪಬಾರದೆಂದು ನಾನು ಹೇಗೆ ಉಸಿರು ಹಿಡಿಯುತ್ತಿದ್ದೆನೋ ಅವನೂ ಹಾಗೇ ಹಿಡಿಯುತ್ತಿದ್ದ. ಮುಗಿದ ಮೇಲೆ ಎಲ್ಲಿ ಸೇರಿಸಿದ್ದು ಎಂದು ಹುಡುಕಿದರೂ ನನಗೆ ಸಿಗಲಿಲ್ಲ.

ಅದೇ ಲಿಫ್ಟ್‌ನ ಭಾರದ ಪರೀಕ್ಷೆಯ ದಿನ ನಡೆದದ್ದನ್ನು ಮಾತ್ರ ಮರೆಯಲಾರೆ. ಹೊಸ ಲಿಫ್ಟ್ ಪೂರ್ತಿ ಭಾರ ಹೊತ್ತು ನಿಲ್ಲಬಲ್ಲುದು ಎಂದು ಸರ್ಕಾರದ ಇನ್ಸ್‌ಪೆಕ್ಟರ್ ಎದುರು ತೋರಿಸಬೇಕು. ಜನರ ಬದಲು ನೀರು ತುಂಬಿದ ಪ್ಲಾಸ್ಟಿಕ್ ಡ್ರಮ್ಮುಗಳನ್ನು ಕುರ್ಚಿಗಳ ಮೇಲೆ ಕೂರಿಸಿ ಕಟ್ಟುತ್ತೇವೆ. ಏರುವ ಸಾಲೆಲ್ಲ ಭಾರ, ಇಳಿಯುವ ಸಾಲು ಖಾಲಿ. ನಡುವೆ ಕರೆಂಟ್ ತೆಗೆದು ಬ್ರೇಕ್ ಹಿಡಿಯುತ್ತದೆಯೇ ನೋಡುವುದು. ಎಲ್ಲರೂ ಕೊರಳೆತ್ತಿ ನಿಂತಿದ್ದೆವು. ಕರೆಂಟ್ ತೆಗೆದರು. ಕುರ್ಚಿಗಳು ಒಮ್ಮೆ ತೂಗಿ ನಿಂತವು. ಒಂದಿಂಚೂ ಹಿಂದೆ ಜಾರಲಿಲ್ಲ. ಇನ್ಸ್‌ಪೆಕ್ಟರ್ ಕೈ ಕುಲುಕಿ ಹೊರಟ.

ಖುಷಿಯಲ್ಲಿ ವಾಲ್ಟ್, ಡ್ರಮ್ಮುಗಳನ್ನು ಮತ್ತೆ ಕೆಳಗೆ ತರುವ ಕಷ್ಟ ಏಕೆ, ಮೇಲೆಯೇ ಇಳಿಸಿ ಚೆಲ್ಲಿಬಿಡಿ ಎಂದರು. ಹುಡುಗರು ಒಂದರ ಹಿಂದೆ ಒಂದು ಚೆಲ್ಲಿದರು. ಹೊಸದಾಗಿ ಅಗಲಿಸಿದ ಇಳಿಜಾರಿಗೆ ಹಿಂದಿನ ವಾರವಷ್ಟೇ ಹುಲ್ಲಿನ ಬೀಜ ಎರಚಿ ಒಣಹುಲ್ಲು ಹೊದಿಸಿದ್ದೆವು. ನೀರು ಮೊದಲು ಹುಲ್ಲನ್ನು ಎತ್ತಿಕೊಂಡಿತು, ಆಮೇಲೆ ಬೀಜವನ್ನು, ಆಮೇಲೆ ಮಣ್ಣನ್ನು. ನಾವೆಲ್ಲ ಕೂಗುತ್ತಿದ್ದಂತೆ ಕೆಂಪು ರಾಡಿ ಇಳಿದು, ಬೇಸಿಗೆಯೆಲ್ಲ ಕೂತು ಹೊಸದು ಮಾಡಿದ್ದ ಗುಡ್ಡದ ಬುಡದ ಲಾಡ್ಜ್‌ನ ಬಾಗಿಲು ಹೊಕ್ಕು, ಮಾಲೀಕರ ಹೆಂಡತಿ ಆರಿಸಿ ತಂದ ತಿಳಿಬಣ್ಣದ ಕಾರ್ಪೆಟ್ ಮೇಲೆ ಹರಡಿತು.

ವಾಲ್ಟ್ ಟೋಪಿ ತೆಗೆದು ನಿಂತರು. "ಇಷ್ಟು ವರ್ಷ ನೀರನ್ನ ಗುಡ್ಡ ಹತ್ತಿಸೋದನ್ನೇ ಕಲಿತೆ," ಎಂದರು. "ಅದು ತಾನಾಗೇ ಇಳಿಯುತ್ತೆ ಅನ್ನೋದೇ ಮರೆತುಹೋಗಿತ್ತು."

ಆಮೇಲೆ ನಮ್ಮಲ್ಲಿ ಒಂದು ರೂಢಿ ಬಂತು. ಯಾವ ಕೆಲಸ ಶುರು ಮಾಡುವ ಮೊದಲೂ ಯಾರಾದರೊಬ್ಬರು, "ಸರಿ, ಈಗ ನೀರು ಎಲ್ಲಿಗೆ ಹೋಗುತ್ತೆ?" ಎಂದು ಕೇಳಲೇಬೇಕು. ಅನನ್ಯ, ಕಾಲೇಜಿನಲ್ಲಿ ಕಲಿತದ್ದರಲ್ಲಿ ಅರ್ಧ ಮರೆತರೂ ಪರವಾಗಿಲ್ಲ, ಈ ಪ್ರಶ್ನೆ ಮರೆಯಬೇಡ.

ಪಂಪಿನ ಸಂಬಂಧ ಹೇಳಲಿಲ್ಲ. ನಮ್ಮ ಸೀಮೆಯ ಗುಡ್ಡಗಳಲ್ಲಿ ಜನ ಜಾರುವ ಹಿಮದಲ್ಲಿ ಬಹುಪಾಲು ಆಕಾಶದ್ದಲ್ಲ, ನಮ್ಮದು. ಕೊಳದ ನೀರನ್ನು ಜೋರಾಗಿ ಮೇಲಕ್ಕೆ ತಳ್ಳಿ, ಇಳಿಜಾರಿನುದ್ದಕ್ಕೂ ನಿಲ್ಲಿಸಿದ, ನಾವು ಗನ್ ಎನ್ನುವ ಯಂತ್ರಗಳ ಬಾಯಿಂದ ಮಂಜಿನಂತೆ ಚಿಮ್ಮಿಸಿದರೆ, ನೆಲಕ್ಕೆ ಬೀಳುವಷ್ಟರಲ್ಲಿ ಹಿಮವಾಗಬೇಕು. ಚಳಿ ಇದ್ದರೆ ಸಾಲದು, ಗಾಳಿ ಒಣಗಿರಬೇಕು. ಮಡಕೆಗೆ ಒದ್ದೆ ಬಟ್ಟೆ ಸುತ್ತಿದರೆ ನೀರು ತಣ್ಣಗಾಗುವುದಿಲ್ಲವೇ, ಅದೇ ನ್ಯಾಯ. ನಾನು ಸೇರಿದಾಗ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರನ್ನು ಗಿರಿಗಿರಿ ತಿರುಗಿಸುತ್ತಾ ಗುಡ್ಡದ ಮೇಲೆ ಓಡಾಡುತ್ತಿದ್ದೆವು, ಒಂದೊಂದು ಗನ್ನಿಗೂ ಹೋಗಿ ಕೈಯಿಂದ ನಲ್ಲಿ ತಿರುಗಿಸುತ್ತಿದ್ದೆವು. ಈಗ ಗನ್‌ಗಳೇ ಹವೆ ನೋಡಿಕೊಂಡು ತಾವೇ ಶುರುವಾಗುತ್ತವೆ, ಫೋನಿಗೆ ಸುದ್ದಿ ಕಳಿಸುತ್ತವೆ. ಆದರೆ ಚಳಿಯೇ ಚಂಚಲವಾಗಿದೆ. ಮೊದಲು ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್‌ ಹಬ್ಬಕ್ಕೆ ಬಂದರೆ ಬೀಡುಬಿಡುತ್ತಿತ್ತು, ಈಗ ನೆಂಟರ ಹಾಗೆ ಬಂದು ಮುಖ ತೋರಿಸಿ ಹೋಗುತ್ತದೆ. ಆ ಸಿಕ್ಕಷ್ಟು ಹೊತ್ತಿನಲ್ಲೇ ಗುಡ್ಡ ಮುಚ್ಚುವಷ್ಟು ಹಿಮ ಮಾಡಬೇಕೆಂದರೆ ಪಂಪು ದೊಡ್ಡದಾಗಬೇಕು, ಗನ್ ಹೆಚ್ಚಾಗಬೇಕು. ನನ್ನ ಕೊನೆಯ ವರ್ಷಗಳ ಕೆಲಸವೆಲ್ಲ ಅದೇ. ನನ್ನ ಸ್ನೇಹಕ್ಕೆ ಕುತ್ತು ತಂದದ್ದೂ ಅದೇ.

ಅಷ್ಟರಲ್ಲಿ ನಾವು ಶಿಕಾಗೋ ಕಡೆಗೆ ಬಂದಿದ್ದೆವು. ನನ್ನ ಯಜಮಾನರಿಗೆ ಬೋಲಿಂಗ್‌ಬ್ರೂಕ್‌ನ ಒಂದು ವೇರ್‌ಹೌಸ್‌ನಲ್ಲಿ ಕೆಲಸ. ನನಗೆ ಪಶ್ಚಿಮದ ಸಬರ್ಬ್ ಒಂದರ ಸ್ಕೀ ಗುಡ್ಡದಲ್ಲಿ. ಆ ಗುಡ್ಡವನ್ನು ದೇವರು ಮಾಡಿದ್ದಲ್ಲ. ಊರಿನ ಕಸ ಒಟ್ಟಿ ಒಟ್ಟಿ, ಮೇಲೆ ಜೇಡಿಮಣ್ಣು ಹೊದಿಸಿ, ಹುಲ್ಲು ಬೆಳೆಸಿದ ಗುಡ್ಡ. ಆ ಜೇಡಿಮಣ್ಣಿನ ಹೊದಿಕೆಯನ್ನು ಅಗೆಯುವಂತಿಲ್ಲ. ಪೈಪು ಹಾಕಬೇಕೆಂದರೂ ಮೇಲೆ ಬೇರೆ ಮಣ್ಣು ತಂದು ಬದು ಕಟ್ಟಿ ಅದರಲ್ಲಿ ಹೂಳಬೇಕು. ಒಮ್ಮೆ ಕಸದ ಎಲ್ಲೆಯಿಂದ ಹೊರಗಿದ್ದೇವೆ ಎಂದುಕೊಂಡು ಅಗೆದಾಗ ಬೌಲಿಂಗ್ ಚೆಂಡು, ಸ್ನಾನದ ತೊಟ್ಟಿ, ತಂತಿ ಸುತ್ತಿದ ಟೆಲಿಫೋನು ಎದ್ದು ಬಂದವು. ಪರಿಸರ ಇಲಾಖೆಯ ಇನ್ಸ್‌ಪೆಕ್ಟರ್ ಬಂದು ನೋಡುವವರೆಗೆ ಕೆಲಸ ನಿಂತಿತು.

ಅಲ್ಲಿನ ಮ್ಯಾನೇಜರ್ ಕೆಲ್ಲಿ ನನಗಿಂತ ತುಂಬಾ ಚಿಕ್ಕವಳು, ಚುರುಕು. ಬಂದ ಎರಡನೇ ವರ್ಷವೇ ಗುಡ್ಡದ ಪೂರ್ವದ ಮಗ್ಗುಲಲ್ಲಿ ಕಲಿಯುವವರಿಗೆಂದು ಹೊಸ ಇಳಿಜಾರು ತೆರೆಯುವ ಯೋಜನೆ ಹಾಕಿದಳು. ಅದಕ್ಕೆ ಹೊಸ ಪಂಪ್‌ಹೌಸ್ ಬೇಕು. ಗಟ್ಟಿ ನೆಲ ಬೇಕಾದ್ದರಿಂದ ಕಸದ ಎಲ್ಲೆಯ ಹೊರಗೆ, ಪೂರ್ವದ ಬೇಲಿಯ ಪಕ್ಕದಲ್ಲಿ ಜಾಗ ಗುರುತಿಸಿದೆವು. ಬೇಲಿಯ ಆಚೆ ಒಂದು ಸಬ್‌ಡಿವಿಷನ್, ನಮ್ಮ ಕಡೆಯ ಬಡಾವಣೆಯ ಹಾಗೆ. ಅಲ್ಲಿನ ಮೊದಲ ಸಾಲಿನಲ್ಲೇ ಶಕುಂತಲಾಳ ಮನೆ.

ಶಕುಂತಲಾ ಹುಬ್ಬಳ್ಳಿಯವಳು, ಆಸ್ಪತ್ರೆಯಲ್ಲಿ ನರ್ಸ್. ನಾವು ಶಿಕಾಗೋಗೆ ಬಂದ ಮೊದಲ ವಾರವೇ ರೊಟ್ಟಿ, ಶೇಂಗಾ ಚಟ್ನಿ ಹಿಡಿದು ಬಾಗಿಲು ತಟ್ಟಿದವಳು. ನಾನು ಅವಳಿಗೆ ವಸುಧಕ್ಕ, ಅವಳು ನನಗೆ ಶಕು. ಆ ವರ್ಷ ಅವಳ ಗಂಡ ಬಸವರಾಜ್‌ಗೆ ಹೃದಯದ ಆಪರೇಷನ್ ಆಗಿತ್ತು. ವಿಸ್ತರಣೆಯ ನೋಟಿಸ್ ಅವರ ಮನೆಗೆ ಹೋದ ಮೇಲೆ ಶಕುವಿನ ಫೋನ್ ನಿಂತಿತು. ಸಂಕ್ರಾಂತಿಗೆ ಯಾರದೋ ಮನೆಯಲ್ಲಿ ಸೇರಿದಾಗ ನನ್ನ ಕೈಗೂ ಎಳ್ಳುಬೆಲ್ಲ ಹಾಕಿದಳು, ಮುಖ ನೋಡದೆ ಮುಂದೆ ಹೋದಳು. ಎಳ್ಳುಬೆಲ್ಲ ತಿಂದು ಒಳ್ಳೇ ಮಾತಾಡಬೇಕಾದ ಹಬ್ಬದಲ್ಲಿ ನಮ್ಮಿಬ್ಬರಿಗೆ ಮಾತೇ ಇಲ್ಲ.

ಫೆಬ್ರವರಿಯಲ್ಲಿ ಊರಿನ ಆಡಳಿತ ಕಚೇರಿಯಾದ ವಿಲೇಜ್ ಹಾಲ್‌ನಲ್ಲಿ, ಯೋಜನೆಗೆ ಒಪ್ಪಿಗೆ ಕೊಡುವ ಸಮಿತಿ ಸಾರ್ವಜನಿಕರ ಅಹವಾಲು ಕೇಳುವ ಸಭೆ. ಸದ್ದು ಎಲ್ಲಿ ಎಷ್ಟು ಕೇಳುತ್ತದೆ ಎಂದು ನಾನು ಬೇಲಿಯ ಉದ್ದಕ್ಕೂ ಮೀಟರ್ ಹಿಡಿದು ಅಳೆದಿದ್ದೆ. ಎಲ್ಲವೂ ನಿಯಮದ ಒಳಗೇ ಇತ್ತು. ಚಾರ್ಟ್ ತೋರಿಸಿ ಕೂತೆ. ಆಮೇಲೆ ಶಕು ಎದ್ದಳು. ನನ್ನ ಕಡೆ ನೋಡಲಿಲ್ಲ. ಗಂಡನ ಕಾಯಿಲೆ ಹೇಳಿ, ಈಗಿರುವ ಸದ್ದಿಗೇ ಅವರಿಗೆ ನಿದ್ದೆಯಿಲ್ಲ, ಇದರ ಮೇಲೆ ಇನ್ನೊಂದು ಪಂಪ್‌ಹೌಸ್ ಬೇಡ ಎಂದು ಇಂಗ್ಲಿಷಿನಲ್ಲಿ ನಿಧಾನವಾಗಿ, ಸ್ಪಷ್ಟವಾಗಿ ಹೇಳಿದಳು. ಚಪ್ಪಾಳೆ ಬಿತ್ತು. ಸಮಿತಿ ತೀರ್ಮಾನವನ್ನು ಮುಂದೂಡಿತು.

ಕಾರಿಡಾರ್‌ನಲ್ಲಿ ಅವಳ ಕೋಟಿನ ತೋಳು ಹಿಡಿದೆ. "ಶಕು, ನನಗೆ ಮೊದಲೇ ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರ ಅಕ್ಕನ ಕೆಲಸಕ್ಕ ಅಡ್ಡ ಬಂದಂಗ ಆಕ್ಕಿತ್ತು. ಹೇಳ್ದಿದ್ರ ಇವರ ಜೀವಕ್ಕ. ನಾ ಏನ್ ಮಾಡ್ಲಿ?" ಅವಳ ಕಣ್ಣು ತುಂಬಿತ್ತು. "ನಿಮ್ಮ ಚಾರ್ಟ್ ಛಲೋ ಐತ್ರಿ ಅಕ್ಕಾ. ಸುಳ್ಳು ಅಂತ ನಾ ಅನ್ನೂದಿಲ್ಲ. ಆದ್ರ ಒಮ್ಮಿ ನಮ್ಮ ಮನಿಗೆ ಬಂದು ಕುಂದರ್ರಿ. ಗನ್ ನಡಿಯೂ ಹೊತ್ತಿನ್ಯಾಗ ಬರ್ರಿ."

ಅದೇ ವಾರ ಚಳಿ ಬಿತ್ತು. ಹಗಲಲ್ಲೇ ಗನ್‌ಗಳು ಓಡುತ್ತಿದ್ದ ದಿನ ಹೋದೆ. ಹಿಂದಿನ ಕೋಣೆಯಲ್ಲಿ ಬಸವರಾಜ್ ದಿಂಬಿಗೆ ಒರಗಿ ಕೂತಿದ್ದರು. ಕಿವಿಗೊಟ್ಟೆ. ಹೇಳಿಕೊಳ್ಳುವಂಥ ಸದ್ದೇನಿಲ್ಲ, ದೂರದ ಫ್ರಿಜ್ಜಿನಷ್ಟು.

ನನ್ನ ಮುಖ ನೋಡಿ ಅವರೇ ಅಂದರು: "ಜೋರಿಲ್ಲ ಬಿಡ್ರಿ. ಜೋರಿದ್ದಿದ್ರ ನಾಕ್ ಮಾತು ಬೈದು ಮಕ್ಕೋತಿದ್ದೆ. ಇದು ಕಿವ್ಯಾಗ ಬರೂದಿಲ್ರಿ, ಎದಿಯಾಗ ಬಂದು ಕುಂದರತೈತಿ. ನನ್ನ ಬಡಿತ ಯಾವ್ದು, ಇದರದ್ದು ಯಾವ್ದು, ತಿಳೀವಲ್ದು."

ಮಂಚದ ಪಕ್ಕದ ಲೋಟದಲ್ಲಿ ನೀರಿತ್ತು. ನೀರಿನ ಮೇಲೆ ಸಣ್ಣ ಉಂಗುರಗಳು ಎದ್ದು ಅಳಿಯುತ್ತಿದ್ದವು. ಗೋಡೆಗೆ ಅಂಗೈ ಇಟ್ಟೆ. ಪ್ಲಾಂಟ್‌ನಲ್ಲಿ ಯಂತ್ರಗಳ ಮೈಮೇಲೆ ಕೈಯಿಟ್ಟೇ ಕಲಿತವಳು ನಾನು, ಕ್ಷಣದಲ್ಲಿ ಗೊತ್ತಾಯಿತು. ಇದು ಗನ್‌ಗಳದ್ದಲ್ಲ. ಗನ್‌ಗಳಿಗೆ ಗಾಳಿ ಒತ್ತುವ ನಮ್ಮ ಹಳೆಯ ದೊಡ್ಡ ಕಂಪ್ರೆಸರ್ ನೆಲದೊಳಗಿಂದ ಕಳಿಸುತ್ತಿದ್ದ ನಡುಕ. ಬೇಲಿಯ ಹತ್ತಿರ ಗಾಳಿಯಲ್ಲಿ ಹಿಡಿದ ಮೀಟರಿಗೆ ಅದು ಸಿಗುವಂತೆಯೇ ಇರಲಿಲ್ಲ. ಹೊಸ ಪಂಪ್‌ಹೌಸೂ ಅದೇ ನೆಲದಲ್ಲಿ ಎದ್ದರೆ ಈ ಗೋಡೆಗೆ ಬಿಡುವೇ ಇರುತ್ತಿರಲಿಲ್ಲ.

ಮರುದಿನ ಕೆಲ್ಲಿಯನ್ನೂ ಕರೆದುಕೊಂಡು ಹೋದೆ. ಅವಳು ಗೋಡೆಗೆ ಕಿವಿಯಿಟ್ಟಳು, ಲೋಟ ನೋಡಿದಳು. ಶಕು ಕೊಟ್ಟ ಚಹಾ ಕುಡಿದು, ಥ್ಯಾಂಕ್ಸ್ ಹೇಳಿ ಹೊರಬಂದಳು. ಕಾರು ಹೊರಡಿಸುತ್ತಾ ಕೇಳಿದಳು:

"ಏನು ಮಾಡಬೇಕು ಅಂತೀಯಾ?"

"ಕಂಪ್ರೆಸರ್ ಕಿತ್ತು ಹಾಕೋಣ. ಹೊಸ ಥರದ ಫ್ಯಾನ್ ಗನ್‌ಗಳಿಗೆ ಅದು ಬೇಕಾಗಲ್ಲ. ಪಂಪ್‌ಹೌಸನ್ನ ಪಶ್ಚಿಮಕ್ಕೆ, ಹೈವೇ ಕಡೆಗೆ ಹಾಕೋಣ. ಅಲ್ಲಿ ಹೇಗೂ ಟ್ರಕ್ ಸದ್ದಿದೆ. ಪೈಪು ಗುಡ್ಡ ಸುತ್ತಿ ಬರಬೇಕಾಗುತ್ತೆ."

"ಒಂದು ಸೀಸನ್ ಹೋಗುತ್ತೆ, ಅಲ್ವಾ?"

"ಹೋಗುತ್ತೆ."

ಮಾಲೀಕರಿಗೆ ಮುಂದಿನ ಚಳಿಗಾಲಕ್ಕೇ ಹೊಸ ಇಳಿಜಾರು ತೆರೆಯುತ್ತೇನೆಂದು ಅವಳು ಮಾತು ಕೊಟ್ಟಿದ್ದಳು. ಅದು ತಪ್ಪಿದರೆ ಅವಳ ಕುರ್ಚಿಗೇ ಸಂಚಕಾರ. ಗುಡ್ಡದ ಪಾರ್ಕಿಂಗ್ ಲಾಟ್‌ಗೆ ಕಾರು ತಿರುಗಿಸಿದಳು. ಆಮೇಲೆ, "ಅವರಿಗೆ ನಾನು ಹೇಳ್ಕೋತೀನಿ. ಡ್ರಾಯಿಂಗ್ ನೀನು ಶುರು ಮಾಡು," ಎಂದಳು. ನಾನು ಕಂಡ ಮೇಲಧಿಕಾರಿಗಳಲ್ಲಿ ಎಷ್ಟೋ ಮಂದಿ ಬುದ್ಧಿವಂತರು. ಕೊಟ್ಟ ಮಾತನ್ನು ಹಿಂದಕ್ಕೆ ಪಡೆಯುವ ಧೈರ್ಯ ಇದ್ದವಳು ಇವಳೊಬ್ಬಳೇ.

ಆಫೀಸಿನಲ್ಲಿ ಕೆಲವರು, ವಸುಧಾ ತನ್ನ ದೇಶದವರಿಗಾಗಿ ಯೋಜನೆಯನ್ನೇ ತಿರುಗಿಸಿದಳು ಎಂದು ಆಡಿಕೊಂಡರು. ಇತ್ತ ನಮ್ಮವರಲ್ಲಿ ಕೆಲವರು, ಅಕ್ಕನ ಕೆಲಸದ ವಿರುದ್ಧ ಮೈಕ್ ಹಿಡಿದಳಲ್ಲ ಎಂದು ಶಕುವನ್ನು ಆಡಿಕೊಂಡರು. ಇಬ್ಬರೂ ಕೇಳಿಸಿಕೊಂಡೆವು, ನಮ್ಮ ನಮ್ಮ ಕೆಲಸ ನೋಡಿಕೊಂಡೆವು. ತಿದ್ದಿದ ಯೋಜನೆಗೆ ಸಮಿತಿ ಒಪ್ಪಿತು.

ಎರಡು ಬೇಸಿಗೆ ಹಿಡಿಯಿತು. ಮೊದಲನೆಯದರಲ್ಲಿ ಹಳೆಯ ಕಂಪ್ರೆಸರನ್ನು ಕ್ರೇನಿನಿಂದ ಎತ್ತಿ ಲಾರಿಗೆ ಹಾಕಿದೆವು. ಪಶ್ಚಿಮದಲ್ಲಿ ಪಂಪ್‌ಹೌಸಿನ ಅಡಿಪಾಯ ಬಿತ್ತು, ಪಂಪುಗಳ ಕೆಳಗೆ ದಪ್ಪ ರಬ್ಬರು. ಎರಡನೆಯದರಲ್ಲಿ ಗುಡ್ಡದ ಸುತ್ತ ಬದು ಕಟ್ಟಿ ಪೈಪು ಎಳೆದೆವು. ಗನ್‌ಗಳನ್ನು ಕಂಬದ ಮೇಲೆ ಏರಿಸಿ, ಬೆನ್ನು ಮನೆಗಳಿಗೆ, ಬಾಯಿ ಗುಡ್ಡಕ್ಕೆ ಮಾಡಿದೆವು. ದೀಪಗಳಿಗೆ ಕೆಳಮುಖದ ಟೋಪಿ ಹಾಕಿಸಿದೆವು. ಜೂನ್‌ನಲ್ಲಿ ಮಳೆ ಬಂದು ಬದು ಒಂದು ಕಡೆ ಕುಸಿಯಿತು, ಮತ್ತೆ ಕಟ್ಟಿದೆವು. ಬಿಸಿಲಿಗೆ ನನ್ನ ಕೈ ಎರಡು ಬಣ್ಣವಾಯಿತು. ಬಸವರಾಜ್ ಚೇತರಿಸಿಕೊಂಡು, ಬೇಲಿಯ ಆಚೆ ವಾಕಿಂಗ್ ಬಂದಾಗಲೆಲ್ಲ ನಿಂತು, "ಎಲ್ಲೀತನಕ ಬಂತ್ರಿ?" ಎಂದು ವಿಚಾರಿಸುತ್ತಿದ್ದರು.

ಆ ಎರಡನೇ ಬೇಸಿಗೆಯ ನಂತರದ ಚಳಿಗಾಲ ಮುಗಿದರೆ ನಿವೃತ್ತಿ ಎಂದು ನಾನು ಮೊದಲೇ ತೀರ್ಮಾನಿಸಿದ್ದೆ. ಡಿಸೆಂಬರ್ ಶುರುವಿನವರೆಗೂ ಚಳಿ ಬರಲೇ ಇಲ್ಲ. ಬಂದ ದಿನ, ಸಂಜೆಗತ್ತಲಿಗೆ, ಎಲ್ಲ ಗನ್‌ಗಳನ್ನೂ ಒಟ್ಟಿಗೆ ಬಿಟ್ಟೆವು. ನಾನೂ ಕೆಲ್ಲಿಯೂ ಹೊಸ ಇಳಿಜಾರಿನ ನಡುವೆ ನಿಂತಿದ್ದೆವು. ನೆಲಕ್ಕೆ ಬಿದ್ದದ್ದನ್ನು ಅವಳು ಮುಷ್ಟಿಯಲ್ಲಿ ಹಿಡಿದು ಒತ್ತಿದಳು. ಉಂಡೆಯಾಗಿ ನಿಂತಿತು, ನೀರು ಒಸರಲಿಲ್ಲ. ಒಳ್ಳೆಯ ಹಿಮ. ನನ್ನ ಹುಬ್ಬು, ಸ್ಕಾರ್ಫು ಎಲ್ಲ ಬೆಳ್ಳಗಾಗಿತ್ತು. ಒಂದು ತಾಸು ಹಾಗೇ ಮೇಲೂ ಕೆಳಗೂ ಓಡಾಡಿದೆವು. ಆಗ ಫೋನ್ ಬಂತು. ಶಕು.

"ವಸುಧಕ್ಕಾ, ಇಷ್ಟ್ ಥಂಡಿ ಬಿದ್ದೈತಿ, ಇನ್ನೂ ಯಾಕ ಚಾಲೂ ಮಾಡಿಲ್ರಿ? ಏನರ ಕೆಟ್ಟೈತೇನು? ಇವರು ಆಗಿಂದ ಕೇಳಾಕತ್ತಾರ."

ಬೇಲಿಯ ಆಚೆ ಅವಳ ಮನೆಯ ಕಡೆ ತಿರುಗಿದೆ.

"ಶಕು," ಎಂದೆ, "ಹಿಂದಿನ ಕೋಣೆ ಪರದೆ ಸ್ವಲ್ಪ ಸರಿಸು."

ಅವಳು ನಡೆದು ಹೋದದ್ದು, ಪರದೆಯ ಉಂಗುರಗಳು ಸರಳಿನ ಮೇಲೆ ಜಾರಿದ್ದು ಕೇಳಿಸಿತು. ಆಮೇಲೆ ನನ್ನನ್ನು ಮರೆತು ಅವಳು ಗಂಡನನ್ನು ಕೂಗಿದಳು:

"ರೀ, ಲಗೂನ ಬರ್ರಿ ಇಲ್ಲೆ! ಗುಡ್ಡ ಎಲ್ಲಾ ಬೆಳ್ಳಗಾಗೇತ್ರಿ!"